ನನ್ನ ಹೆಸರಿಗೆ ಖಾಜಾ ಓಗೊಟ್ಟ ವರ್ಷ

ಕಳೆದ ತಿಂಗಳು ನಾನು ಓದಿದ ಕಾಲೇಜಿನಲ್ಲಿ ಒಂದು ಕಾರ್ಯಕ್ರಮವಿತ್ತು. ಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಹಳೆಯ ವಿದ್ಯಾರ್ಥಿ ಎಂದು ನನ್ನನ್ನೂ ಕರೆದಿದ್ದರು. ಮುಖ್ಯ ಅತಿಥಿ ಬರುವುದು ತಡವಾದ್ದರಿಂದ ವರಾಂಡದಲ್ಲಿ ಕುಳಿತಿದ್ದೆ. ಎದುರಿನ ಗೋಡೆಯ ಮೇಲೆ ಒಂದು ಸಣ್ಣ ಯಂತ್ರವಿತ್ತು. ವಿದ್ಯಾರ್ಥಿಗಳು ಮಾತಾಡುತ್ತ ಬಂದು, ಅದರ ಮೇಲೆ ಬೆರಳೊತ್ತಿ, ಮಾತು ನಿಲ್ಲಿಸದೆ ಮುಂದೆ ಹೋಗುತ್ತಿದ್ದರು. ಏನಿದು ಎಂದು ಅಟೆಂಡರನ್ನು ಕೇಳಿದೆ.

"ಹಾಜರಿ ರೀ ಸರ್. ಈಗ ಯಾರೂ ಹೆಸರು ಕರಿಯಂಗಿಲ್ಲ. ಬೆರಳು ಒತ್ತಿದ್ರ ಮುಗೀತು."

ಈ ಯಂತ್ರ ನನ್ನ ಕಾಲಕ್ಕೇ ಬಂದಿದ್ದರೆ ಖಾಜಾ ಹುಸೇನನ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು ಹುಟ್ಟುತ್ತಿರಲಿಲ್ಲ ಅನ್ನಿಸಿತು. ಆಮೇಲೆ ವೇದಿಕೆಯ ಮೇಲೆ ಯಾರು ಏನು ಮಾತಾಡಿದರೋ ನನ್ನ ಕಿವಿಗೆ ಬೀಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ದೇವದುರ್ಗದಲ್ಲಿ ಪಿಯುಸಿ ಮುಗಿಸಿ ಬಿ.ಎ. ಓದಲು ರಾಯಚೂರಿಗೆ ಬಂದೆ. ಅಪ್ಪ ದೇವದುರ್ಗದ ಬಜಾರಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಕೂಲಿಗೆ ಹೊಲಗಳಿಗೆ ಹೋಗುತ್ತಿದ್ದಳು. ಮನೆತನದಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲಿಗ. ಊರಿನ ಶಾಲೆಯಲ್ಲಿ ಮಾರ್ಕ್ಸಿನ ವಿಷಯಕ್ಕೆ ಬಂದರೆ ನನ್ನ ಹೆಸರೇ ಮೊದಲು ಬರುತ್ತಿತ್ತು. ಆದರೆ ಮೂರು ಜನ ಒಟ್ಟಿಗೆ ನನ್ನತ್ತ ನೋಡಿದರೆ ಗಂಟಲು ಕಟ್ಟಿಬಿಡುತ್ತಿತ್ತು. ಊರಲ್ಲಿ ಎಲ್ಲರಿಗೂ ಇದು ಗೊತ್ತಿದ್ದರಿಂದ ಅಲ್ಲಿ ಅದು ತೊಂದರೆ ಕೊಟ್ಟಿರಲಿಲ್ಲ.

ಅಡ್ಮಿಷನ್ನಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವನು ಖಾಜಾ. ಮಾನ್ವಿಯವನು, ತಂದೆ ಬಳೆ ವ್ಯಾಪಾರಿ. ಸಾಲು ಮುಂದೆ ಸರಿಯುವಷ್ಟರಲ್ಲಿ ನನ್ನ ಊರು, ನನ್ನ ಮಾರ್ಕ್ಸು, ಉಳಿಯಲು ಇನ್ನೂ ಜಾಗ ಸಿಕ್ಕಿಲ್ಲ ಎಂಬುದು ಎಲ್ಲವನ್ನೂ ತಿಳಿದುಕೊಂಡ. ಸಂಜೆಯೊಳಗೆ ಮಂಗಳವಾರಪೇಟೆಯಲ್ಲಿ ಇಬ್ಬರಿಗೂ ಸೇರಿ ಒಂದು ಕೋಣೆ ಗೊತ್ತುಮಾಡಿದ. ಹಿಂದೆ ಎಣ್ಣೆ ಗಿರಣಿ. ಹಗಲೆಲ್ಲ ಶೇಂಗಾ ಹಿಂಡಿಯ ವಾಸನೆ. ಮಳೆ ಇನ್ನೂ ಬಿದ್ದಿರಲಿಲ್ಲ. ಜೂನ್ ತಿಂಗಳಲ್ಲೂ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಕುತ್ತಿತ್ತು.

ಇಬ್ಬರಿಗೂ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಅವ್ವ ಮುಂಜಾನೆ ರೊಟ್ಟಿ, ಪಲ್ಯ ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ನಾನು ಬಸ್ ನಿಲ್ದಾಣಕ್ಕೆ ಹೋಗಿ ಇಸಿದುಕೊಳ್ಳಬೇಕು. ನನ್ನದೇ ಊರಿನ ಬಸ್ಸು. ಕಂಡಕ್ಟರನೂ ನಮ್ಮ ಕಡೆಯವನೇ. ಆದರೂ "ನಂದು ಬುತ್ತಿ ಬಂದದೇನ್ರಿ" ಎಂದು ಕೇಳಲು ನಾನು ಬಸ್ಸು ಖಾಲಿಯಾಗುವವರೆಗೆ ಕಾಯುತ್ತಿದ್ದೆ. ಕೆಲವೇ ದಿನಗಳಲ್ಲಿ ಕಂಡಕ್ಟರ್ ನನ್ನನ್ನು ದಾಟಿ ಖಾಜಾನನ್ನು ಹುಡುಕತೊಡಗಿದ. "ಮಾನ್ವಿ ಸಾಹೇಬ್ರ, ನಿಮ್ಮ ದೋಸ್ತಂದು ತೊಗೊಳ್ರಿ" ಎಂದು ನನ್ನ ಗಂಟನ್ನು ಅವನ ಕೈಗೆ ಕೊಡುತ್ತಿದ್ದ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಇತಿಹಾಸ ಕಲಿಸುತ್ತಿದ್ದವರು ದೇಸಾಯಿ ಸರ್. ಉಳಿದ ಅಧ್ಯಾಪಕರು ಹಾಜರಿಗೆ ನಂಬರು ಕೂಗಿ ಎತ್ತಿದ ಕೈ ನೋಡುತ್ತಿದ್ದರೆ ಇವರು ಹೆಸರು ಕರೆಯುತ್ತಿದ್ದರು. "ನಂಬರು ಕೈದಿಗಳಿಗೆ ಇರ್ತದ. ನೀವು ಮಂದಿ ಮಕ್ಕಳು" ಎನ್ನುತ್ತಿದ್ದರು. ದಪ್ಪ ಕನ್ನಡಕ. ಹೆಸರು ಕರೆಯುವಾಗ ತಲೆ ಎತ್ತುತ್ತಿರಲಿಲ್ಲ. ದನಿ ಬಂದ ದಿಕ್ಕಿಗೆ ಕಿವಿಗೊಟ್ಟು ಟಿಕ್ ಹಾಕುತ್ತಿದ್ದರು. ದನಿ ಕೇಳದಿದ್ದರೆ ಹುಡುಗ ಬಂದಿಲ್ಲ. ಅವರ ನಿಯಮ ಅಷ್ಟೇ.

"ಅಮರೇಶ" ಎಂದು ಮೊದಲ ದಿನ ಕರೆದಾಗ ನಾನು "ಯೆಸ್ ಸರ್" ಎಂದೆ. ಅಥವಾ ಅಂದೆ ಎಂದುಕೊಂಡೆ. ತುಟಿ ಆಡಿತು, ದನಿ ಬರಲಿಲ್ಲ. ಅವರು ಮುಂದಿನ ಹೆಸರಿಗೆ ಹೋದರು. ಮರುದಿನವೂ ಹಾಗೇ ಆಯಿತು. ಮೂರನೆಯ ಸಲ ನನ್ನ ತುಟಿ ಆಡುವುದನ್ನು ಕಂಡ ಮುಂದಿನ ಬೆಂಚಿನವರು ತಿರುಗಿ ನೋಡಿ ನಕ್ಕರು. ಅಲ್ಲಿಂದ ತುಟಿಯೂ ಆಡದಾಯಿತು. ಹಾಜರಿ ಕಡಿಮೆ ಬಿದ್ದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಸರ್ ಮೊದಲೇ ಹೇಳಿದ್ದರು. ಒಂದು ವರ್ಷ ಹೋದರೆ ಅಪ್ಪ ನನ್ನನ್ನು ಮತ್ತೆ ಕಳಿಸುವ ಹಾಗಿರಲಿಲ್ಲ. ಕ್ಲಾಸಿನಲ್ಲಿ ಕುಳಿತೇ ನಾನು ಗೈರುಹಾಜರಾಗುತ್ತಿದ್ದೆ.

ಒಂದು ದಿನ ನನ್ನ ಹೆಸರು ಕರೆದಾಗ ಪಕ್ಕದಿಂದ "ಯೆಸ್ ಸಾರ್!" ಎಂದು ಗಟ್ಟಿ ದನಿ ಬಂತು. ಖಾಜಾ. ಸರ್ ಟಿಕ್ ಹಾಕಿದರು. ಸ್ವಲ್ಪ ಹೊತ್ತಿಗೆ ಅವನದೇ ಹೆಸರು ಬಂತು. ಅದೇ ದನಿಯಲ್ಲಿ ಹೇಳಿದರೆ ಸಿಕ್ಕಿಬೀಳುತ್ತೇನೆಂದು ಗಂಟಲು ಸಣ್ಣ ಮಾಡಿ, ತಲೆ ತಗ್ಗಿಸಿ, "ಯೆಸ್ ಸರ್" ಎಂದು ಕೀರಲು ದನಿ ತೆಗೆದ. ಸರ್ ಅದಕ್ಕೂ ಟಿಕ್ ಹಾಕಿದರು.

"ಕ್ಲಾಸಿಗೆ ಬರದವರಿಗೆ ಪ್ರಾಕ್ಸಿ ಹೊಡಿಯೋದು ಕೇಳಿದ್ದೆ," ಎಂದ ಹೊರಗೆ ಬಂದಮೇಲೆ, ಹೊಟ್ಟೆ ಹಿಡಿದುಕೊಂಡು ನಗುತ್ತ. "ಬಾಜೂಕ ಕುಂತವನಿಗೇ ಪ್ರಾಕ್ಸಿ ಹೊಡದವ ನಾನೇ ಮೊದಲ್ನೇದವ ಇರಬೇಕು ನೋಡಲೇ."

ನಾನೂ ನಕ್ಕೆ. ಹಾಲ್ ಟಿಕೆಟ್ ಉಳಿಯಿತಲ್ಲ ಎಂಬ ನೆಮ್ಮದಿ ಇತ್ತು. ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಉಳಿದದ್ದು ಆ ದನಿ. ನನ್ನ ಹೆಸರಿಗೆ ಅದು ಎಷ್ಟು ಚೆನ್ನಾಗಿ ಒಪ್ಪಿತ್ತು!

ಅದು ದಿನದ ರೂಢಿಯಾಯಿತು. ಮಳೆ ಬಂತು, ಹೋಯಿತು. ಪೇಟೆಯ ತೀನ್ ಕಂದಿಲ್ ವೃತ್ತದ ಸುತ್ತ ನೀರು ನಿಂತು ಬತ್ತಿತು. ಖಾಜಾ ಅಂಗಡಿಗಳಲ್ಲಿ ದಖ್ಖನಿ ಉರ್ದು ಮಾತಾಡುತ್ತಿದ್ದ, ಗಿರಣಿಯ ಕೂಲಿಗಳ ಜೊತೆ ತೆಲುಗು, ಅಧ್ಯಾಪಕರ ಜೊತೆ ಮುರುಕು ಇಂಗ್ಲಿಷು. ತಪ್ಪಾದರೆ ತಾನೇ ಮೊದಲು ನಗುತ್ತಿದ್ದ. ನನಗೆ ಅವನಿಗಿಂತ ಹೆಚ್ಚು ಇಂಗ್ಲಿಷ್ ಗೊತ್ತಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೇ.

ದಸರೆಯ ರಜೆಗೆ ಅವನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದೆ. ಮನೆಯ ಕಟ್ಟೆಯ ಮೇಲೆ ಕುಳಿತು ಅವನು ಅವ್ವನಿಗೆ ಕಾಲೇಜು, ಕೋಣೆಯ ಮಾಲೀಕ, ಬಸ್ ಕಂಡಕ್ಟರ್ ಎಲ್ಲರನ್ನೂ ನಕಲು ಮಾಡಿ ತೋರಿಸಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

"ಯಪ್ಪಾ, ಇನ್ನೊಂದು ರೊಟ್ಟಿ ಹಾಕ್ಕೋ. ನಾಕು ತಿಂಗಳಾತು, ಇವ ಕಾಲೇಜಿನಾಗ ಏನ್ ಮಾಡ್ತಾನ ಅಂತ ನಂಗ ಇವತ್ತು ತಿಳೀತು ನೋಡು," ಎಂದಳು. ನನ್ನತ್ತ ತಿರುಗಿ, "ನೀನೂ ಹಿಂಗ ನಾಕು ಮಾತಾಡಾಕ ಕಲಿಯೋ ಅಮರ್ಯಾ. ಬಾಯಾಗೇನು ಅವಲಕ್ಕಿ ಇಟ್ಕೊಂಡೀಯೇನು?"

"ಅವ ಓದ್ತಾನ ಯವ್ವಾ, ನಾ ಒದರ್ತೀನಿ," ಎಂದ ಖಾಜಾ. ಅವ್ವ ಮತ್ತೆ ನಕ್ಕಳು. ನಾನು ರೊಟ್ಟಿ ಬಿಟ್ಟು ಎದ್ದೆ.

ರಜೆ ಮುಗಿದು ಬಂದಮೇಲೆ ಟರ್ಮಿನಲ್ ಪರೀಕ್ಷೆ ಆಯಿತು. ಇತಿಹಾಸದ ಉತ್ತರಪತ್ರಿಕೆಗಳನ್ನು ಹಂಚುವ ದಿನ ದೇಸಾಯಿ ಸರ್ ವೇದಿಕೆಯಿಂದ ಇಳಿದು ನೇರವಾಗಿ ನಮ್ಮ ಬೆಂಚಿಗೆ ಬಂದರು. ಕೈಯಲ್ಲಿ ನನ್ನ ಪತ್ರಿಕೆ ಇತ್ತು. ಅಕ್ಷರ ನೋಡಿಯೇ ಗೊತ್ತಾಯಿತು. ನಾನು ಅರ್ಧ ಎದ್ದೆ. ಅವರು ಅದನ್ನು ಖಾಜಾನ ಕೈಗೆ ಕೊಟ್ಟು ಬೆನ್ನು ತಟ್ಟಿದರು.

"ಅಮರೇಶ, ಕೋಟೆ ಕಲ್ಲಿನ ಬಗ್ಗೆ ಬರದೀಯಲ್ಲ, ಇಷ್ಟು ವರ್ಷ ಕಲಿಸೀನಿ, ಹಿಂಗ ಯಾರೂ ಬರದಿಲ್ಲಪಾ. ಶಹಬ್ಬಾಸ್."

ಆಮೇಲೆ ಇನ್ನೊಂದು ಪತ್ರಿಕೆ ನನ್ನ ಮುಂದೆ ಇಟ್ಟರು. ತುಂಬ ಕೆಂಪು ಗೆರೆ. "ಖಾಜಾ, ಬಾಜೂಕ ಇಂಥವ ಕುಂದರ್ತಾನ. ಅವನ್ನ ನೋಡಿಯಾದ್ರೂ ಸುಧಾರಸು."

ಅವರಿಗೆ ಗಟ್ಟಿ ದನಿಯವನು ಅಮರೇಶ, ಕೀರಲು ದನಿಯವನು ಖಾಜಾ. ತಲೆ ಎತ್ತಿ ನೋಡಿದಾಗಲೂ ಅವರಿಗೆ ಕಂಡದ್ದು ದನಿಗೆ ಒಪ್ಪುವ ಮುಖಗಳೇ. ಎದೆ ಎತ್ತಿ ಕೂತವನೊಬ್ಬ, ಕುಗ್ಗಿ ಕೂತವನೊಬ್ಬ.

ಕ್ಲಾಸಿನ ಕೊನೆಗೆ ಸರ್ ಇನ್ನೊಂದು ಮಾತು ಹೇಳಿದರು. ಜನವರಿಯಲ್ಲಿ ಇತಿಹಾಸ ಸಂಘದ ಸಮಾರಂಭ. ಮೊದಲ ವರ್ಷದವರ ಪರವಾಗಿ ಅಮರೇಶ ಆ ಕಲ್ಲಿನ ಬಗ್ಗೆ ಮಾತಾಡಬೇಕು. ಬರಹ ಅವನ ಹೆಸರಿನೊಂದಿಗೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಹೇಳುವಾಗ ಅವರು ನೋಡುತ್ತಿದ್ದದ್ದು ಖಾಜಾನನ್ನು. ಇಡೀ ಕ್ಲಾಸಿಗೆ ವಿಷಯ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಪ್ರಾಕ್ಸಿ ಹೊರಬಿದ್ದರೆ ಇಬ್ಬರಿಗೂ ಶಿಕ್ಷೆ ಎಂದು ನಮ್ಮ ಮೇಲಿನ ಕರುಣೆಯಿಂದ ಇದ್ದೀತು, ಅಥವಾ ಈ ತಮಾಷೆ ಇನ್ನೂ ನಡೆಯಲಿ ಎಂತಲೂ ಇದ್ದೀತು.

ನನಗೆ ಆ ಭಾಷಣ ಬೇಕಿತ್ತು. ಅಲ್ಲಿಯವರೆಗೆ ನನ್ನ ಹೆಸರು ಅಚ್ಚಿನಲ್ಲಿ ಬಂದಿರಲಿಲ್ಲ. ನಮ್ಮ ಮನೆಯ ಯಾರ ಹೆಸರೂ ಬಂದಿರಲಿಲ್ಲ.

ಮುಂದಿನ ಭಾನುವಾರ ಖಾಜಾ ನನ್ನನ್ನು ಮಾನ್ವಿಗೆ ಕರೆದುಕೊಂಡು ಹೋದ. ಅವನ ಅಬ್ಬಾ ಸಣ್ಣ ಅಂಗಡಿಯಲ್ಲಿ ಮಂಡಿಯೂರಿ ಕುಳಿತು ಒಬ್ಬ ಹೆಂಗಸಿಗೆ ಬಳೆ ಇಡಿಸುತ್ತಿದ್ದರು. ಕೈ ಹಿಸುಕುತ್ತ ಮಳೆ, ಮಗಳ ಗಂಡ, ಹತ್ತಿ ದರ ಎಲ್ಲದರ ಬಗ್ಗೆ ಒಂದೇ ಸಮ ಮಾತು. "ಮಾತು ನಿಂತ್ರ ಹೆಂಗಸ್ರು ಕೈ ಬಿಗಿ ಹಿಡೀತಾರ, ಬಳಿ ಒಡೀತಾವ," ಎಂದು ಖಾಜಾ ನನ್ನ ಕಿವಿಯಲ್ಲಿ ಹೇಳಿದ. ಅವನ ಬಾಯಿ ಎಲ್ಲಿ ಪಳಗಿತ್ತು ಎಂಬುದು ಆಗ ನನಗೆ ಅರ್ಥವಾಯಿತು.

ಊಟವಾದ ಮೇಲೆ ಅಬ್ಬಾ ನನ್ನ ಮಾರ್ಕ್ಸು ವಿಚಾರಿಸಿದರು. ನಾನು ಸಣ್ಣ ದನಿಯಲ್ಲಿ ಹೇಳಿದೆ. ಅವರು ಮಗನತ್ತ ತಿರುಗಿದರು.

"ಸುನ್ ಬೇಟಾ. ಈ ಹುಡುಗನ್ನ ನೋಡು. ಒಂದು ಮಾತಿಲ್ಲ, ಕತಿ ಇಲ್ಲ, ಹೆಂಗ ಓದ್ಯಾನ! ನಿಂದು ಬರೇ ಬಡಬಡ. ಬಡಬಡ ಮಾಡಾಕ ನಾನು ಇಲ್ಲೇನು ಅಂಗಡ್ಯಾಗ? ಅದಕ್ಕ ನಿನ್ನ ರಾಯಚೂರಿಗೆ ಕಳಿಸಬೇಕಿತ್ತಾ?"

ಖಾಜಾ ಎದ್ದು ತಾಟುಗಳನ್ನು ಒಳಗೆ ಒಯ್ದ. ನಾನು ಒಳಗೊಳಗೆ ಹಿಗ್ಗಿದೆ. ವರ್ಷದಲ್ಲಿ ಅದೊಂದೇ ಸಲ.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯಾಚೆ ಹತ್ತಿಯ ಬಂಡಿಗಳು ಸಾಲಾಗಿ ಹೋಗುತ್ತಿದ್ದವು. ಅವುಗಳನ್ನು ನೋಡುತ್ತಲೇ ಖಾಜಾ ಕೇಳಿದ: "ಅಮರ್ಯಾ, ಆ ಭಾಷಣ ನಾ ಮಾಡ್ಲೇನು?"

"ಯಾರ ಹೆಸರ್ಲೆ?"

"ನಿನ್ನ ಹೆಸರ್ಲೆ. ನೀ ಬರಿ, ನಾ ಹೇಳ್ತೀನಿ. ಹೆಂಗೂ ನಿನ್ನ ಬಾಯಿಂದ ಬರಂಗಿಲ್ಲ. ಸಂಚಿಕಿಯೊಳಗ ನಿನ್ನ ಹೆಸರು ಇರ್ತದ, ನನಗೇನ್ ಬ್ಯಾಡ ಅದು. ಒಂದೇ ದಿನ ನಾನೂ ಶ್ಯಾಣ್ಯಾ ಅನ್ನಿಸ್ಕೊಂತೀನಿ ಯಾರ್. ಅಬ್ಬಾನ್ನ ಕರಕೊಂಬಂದು ಹಿಂದ ಕುಂದ್ರಸ್ತೀನಿ."

ನ್ಯಾಯವಾದ ಹಂಚಿಕೆಯೇ. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು.

"ನಮ್ಮವ್ವ ನಿನ್ನ ಕಡಿಗೆ. ಕಂಡಕ್ಟರ್ ನಿನ್ನ ಕಡಿಗೆ. ಸರ್ ನಿನ್ನ ಬೆನ್ನ ತಟ್ಟತಾರ. ಈಗ ಬರದದ್ದೂ ಬೇಕಾತೇನು ನಿನಗ? ಇವತ್ತಿನಿಂದ ನನ್ನ ಹೆಸರಿಗೆ ಓ ಅನಬ್ಯಾಡ."

ಇಷ್ಟು ಉದ್ದ ನಾನು ಅವನೆದುರು ಎಂದೂ ಮಾತಾಡಿರಲಿಲ್ಲ. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ.

"ಅನಂಗಿಲ್ಲ ಬಿಡು," ಎಂದ ಖಾಜಾ. "ನೀ ಅನ್ನು. ನೋಡೋಣು."

ಮರುದಿನ ದೇಸಾಯಿ ಸರ್ "ಅಮರೇಶ" ಎಂದರು. ಖಾಜಾ ಬಾಯಿ ಮುಚ್ಚಿ ಕುಳಿತ. ನನ್ನ ಗಂಟಲು ಹಳೆಯದೇ ಗಂಟಲು. ಸರ್ ಕಿವಿಗೊಟ್ಟು ಕಾದರು. ದನಿ ಬರದಾಗ ತಲೆ ಎತ್ತಿದರು. ಅವರ ಅಮರೇಶ, ಎಂದರೆ ಖಾಜಾ, ಕಣ್ಣೆದುರೇ ಕುಳಿತಿದ್ದ.

"ಯಾಕಪಾ ಅಮರೇಶ, ಒಂದು ಪೇಪರಿಗೆ ಮಾರ್ಕ್ಸ್ ಬಿದ್ದ ಕೂಡ್ಲೆ ಬಾಯಿ ಭಾರ ಆತೇನು?"

ಖಾಜಾ ನೆಲ ನೋಡಿದ. ಆಮೇಲೆ ಅವನ ಹೆಸರು ಬಂದಾಗ ಎಂದಿನ ಕೀರಲು ದನಿಯಲ್ಲೇ ಹೇಳಿದ.

ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಸರ್ ಹಾಜರಿ ಪುಸ್ತಕ ಮುಚ್ಚಿ ಇಟ್ಟರು. "ಹಾಜರಿ ಕೇಳಿದ್ರ ಸೊಕ್ಕಲೆ ಸುಮ್ಕ ಕುಂದ್ರವಗ ಸಂಘದ ವೇದಿಕಿ ಕೊಡಂಗಿಲ್ಲ ನಾನು. ಇವತ್ತೊಂದು ಸಲ ಕರೀತೀನಿ. ಓ ಅನ್ನಲಿಲ್ಲಂದ್ರ ಭಾಷಣ ಬ್ಯಾರೆಯವರಿಗೆ." ಮತ್ತೆ ತೆರೆದು ಕರೆದರು: "ಅಮರೇಶ."

ಖಾಜಾ ನನ್ನ ಕಡೆ ನೋಡಲಿಲ್ಲ. ನನ್ನ ತೊಡೆಯ ಪಕ್ಕದಲ್ಲಿದ್ದ ಅವನ ಕೈ ಮಾತ್ರ ಬೆಂಚನ್ನು ಬಿಗಿಯಾಗಿ ಹಿಡಿದಿತ್ತು. ಅವನು ಒಂದು ಮಾತು ಆಡಿದರೆ ಎಲ್ಲ ಸರಿಹೋಗುತ್ತಿತ್ತು. ಆಡಬೇಡ ಎಂದವನು ನಾನೇ. ಹೆಸರು ಗಾಳಿಯಲ್ಲಿ ನಿಂತಿತ್ತು. ಇನ್ನೊಂದು ಕ್ಷಣ ಕಳೆದರೆ ಅದು ಬೇರೆ ಯಾರದೋ ಆಗುತ್ತದೆ ಅನ್ನಿಸಿತು.

ಎದ್ದು ನಿಂತೆ. "ಸರ್, ಅಮರೇಶ ನಾನು."

ದನಿ ಒಡೆದಿತ್ತು, ಆದರೆ ಕೇಳುವ ಹಾಗಿತ್ತು.

"ಖಾಜಾ, ಕುಂದ್ರು," ಎಂದರು ಸರ್. "ನಿನ್ನ ಹೆಸರು ಇನ್ನೂ ಬಂದಿಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕೆಲವರು ಬೆಂಚು ಬಡಿದರು. ನಾನು ಇನ್ನೇನು ಕುಳಿತುಬಿಡುತ್ತಿದ್ದೆ. ಅಷ್ಟರಲ್ಲಿ ಪಕ್ಕದವನು ಎದ್ದ.

"ಅವ ಖರೇ ಹೇಳಾಕತ್ತಾನ್ರಿ ಸರ್. ಖಾಜಾ ನಾನು. ಅವನ ದನಿ ಬರಂಗಿಲ್ಲ ಅಂತ ಇಷ್ಟು ದಿನ ನಾ ಹೇಳಿದೆ. ಶಿಕ್ಷಾ ಏನದ ಅದು ನಂಗ ಕೊಡ್ರಿ."

ಸರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ನನಗೆ ಹೇಳಿದರು: "ಹಂಗಾರ ಆ ಕಲ್ಲಿನ ಬಗ್ಗೆ ನೀ ಏನು ಬರದಿ, ಹೇಳು."

ಹೇಳಿದೆ. ರಾಯಚೂರಿನ ಕೋಟೆಯ ಗೋಡೆಯಲ್ಲಿ ಒಂದು ಉದ್ದನೆಯ ಕಲ್ಲು ಇದೆ. ಕೋಟೆ ಕಟ್ಟಿಸಿದವನ ಹೆಸರು ಅದರ ಮೇಲಿನ ಶಾಸನದಲ್ಲಿದೆ. ಪಕ್ಕದಲ್ಲೇ ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆದು ತರುವ ಚಿತ್ರವಿದೆ. ಎಳೆದು ತಂದವರ ಹೆಸರು ಶಾಸನದಲ್ಲಿಲ್ಲ. ಚಿತ್ರ ಕೆತ್ತಿದವನಿಗೆ ಅದು ಸರಿಕಾಣದೆ, ಹೆಸರಿಲ್ಲದಿದ್ದರೂ ಕೆಲಸವಾದರೂ ಇರಲಿ ಎಂದು ಕೆತ್ತಿರಬೇಕು. ನಮ್ಮಪ್ಪ ಹಮಾಲಿ ಮಾಡುವುದರಿಂದ ನನಗೆ ಹಾಗೆ ತೋಚಿತು. ಇಷ್ಟು ಹೇಳುವಷ್ಟರಲ್ಲಿ ಕ್ಲಾಸು ಸುಮ್ಮನಾಗಿತ್ತು. ನನ್ನ ದನಿ ಅಷ್ಟು ಸಣ್ಣದಿತ್ತು.

"ನೀನೇ ಬರದವ," ಎಂದರು ಸರ್. "ನಾಳೆಯಿಂದ ಇಬ್ಬರೂ ಮುಂದಿನ ಬೆಂಚಿಗೆ ಬರ್ರಿ. ನನ್ನ ಕಣ್ಣು ಅಷ್ಟು ದೂರ ಹರಿಯಂಗಿಲ್ಲ." ಶಿಕ್ಷೆ ಅಷ್ಟೇ ಆಯಿತು. ತಪ್ಪು ತಮ್ಮದೂ ಇದೆ ಎಂದುಕೊಂಡರೋ ಏನೋ, ಪ್ರಿನ್ಸಿಪಾಲರವರೆಗೆ ಒಯ್ಯಲಿಲ್ಲ.

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಆರಲಿಲ್ಲ. ಸಮಾರಂಭದ ದಿನ ಸಭಾಂಗಣ ತುಂಬಿತ್ತು. ನಾನು ಹಾಳೆ ಹಿಡಿದು ಓದತೊಡಗಿದೆ. ಎರಡು ವಾಕ್ಯಕ್ಕೆ ಹಿಂದಿನಿಂದ ಕೂಗು ಬಂತು: "ಕೇಳಸವಲ್ದೂ!" "ಜೋರ್ ಓದಲೇ!" ಶಿಳ್ಳೆ ಬಿತ್ತು. ನಾನು ಹಾಳೆಯಲ್ಲಿ ಮುಖ ಮುಚ್ಚಿಕೊಂಡೆ.

"ಏ! ಕಿವಿ ನಿಮ್ಮವು, ಕಾಲೂ ನಿಮ್ಮವ. ಕೇಳಬೇಕಂದ್ರ ಮುಂದ ಬರ್ರಿ!" ಖಾಜಾನ ದನಿ. ಅವನು ಸುಮ್ಮನೆ ಕೂಗಿ ನಿಲ್ಲಲಿಲ್ಲ. ಹಿಂದಿನ ಸಾಲಿಗೆ ಹೋಗಿ ಒಬ್ಬೊಬ್ಬರ ತೋಳು ಹಿಡಿದು ಎಬ್ಬಿಸಿ, ನಗಿಸುತ್ತ, ಬೈಯುತ್ತ ಮುಂದೆ ತಂದು ವೇದಿಕೆಯ ಕೆಳಗೆ ನೆಲದ ಮೇಲೆ ಕೂಡಿಸಿದ. ನನ್ನ ದನಿ ಬೆಳೆಯಲಿಲ್ಲ. ಜನ ಹತ್ತಿರ ಬಂದರು. ಕೊನೆಯವರೆಗೆ ಓದಿದೆ. ಚಪ್ಪಾಳೆ ಬಿತ್ತು. ವೇದಿಕೆಯಿಂದ ಇಳಿಯುವಾಗ ಮುಖ್ಯ ಅತಿಥಿ ನನ್ನನ್ನು ತಡೆದು ಕೇಳಿದರು: "ಮಂದಿನ್ನ ಎಬ್ಬಿಸಿ ತಂದನಲ್ಲ, ಆ ಹುಡುಗ ಯಾರು?"

ಬೇಸಿಗೆಯ ಹೊತ್ತಿಗೆ ಸಂಚಿಕೆ ಬಂತು. ನನ್ನ ಹೆಸರು ಸರಿಯಾಗಿಯೇ ಅಚ್ಚಾಗಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಹೆಸರಿನ ಮೇಲೆ ಬೆರಳಾಡಿಸಿ, "ಖಾಜಾ ಏನಂದ?" ಎಂದು ಕೇಳಿದಳು.

ಖಾಜಾ ಮೊದಲೇ ನಿರ್ಧಾರ ಮಾಡಿಯಾಗಿತ್ತು. ಪರೀಕ್ಷೆ ಬರೆದು ಮಾನ್ವಿಗೆ ಹೋಗುವವನು, ಎರಡನೆಯ ವರ್ಷಕ್ಕೆ ಬರುವವನಲ್ಲ. "ಅಬ್ಬಾಗ ಹೇಳಿಬಿಟ್ಟೆ. ಒಂದು ದಿನ ಬೈದ, ಮರುದಿನ ಅಂಗಡಿ ಕೀಲಿ ಕೈಯಾಗ ಕೊಟ್ಟ," ಎಂದ, ಬಟ್ಟೆ ಮಡಚುತ್ತ. ಮುಖದಲ್ಲಿ ಯಾವ ಭಾರವೂ ಇರಲಿಲ್ಲ. ನಾನು ಒಂದು ವರ್ಷ ಹಲ್ಲು ಕಚ್ಚಿ ಹಿಡಿದುಕೊಂಡ ಕಾಲೇಜನ್ನು ಅವನು ಚಪ್ಪಲಿ ಬಿಟ್ಟಷ್ಟು ಸುಲಭವಾಗಿ ಬಿಟ್ಟ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಇತಿಹಾಸದ ಪರೀಕ್ಷೆ ಮುಗಿದ ದಿನ ಬಿಸಿಲು ಕಣ್ಣು ಬಿಡಲು ಆಗದಷ್ಟಿತ್ತು. ಖಾಜಾ ಹೊತ್ತಾಗುವ ಮುಂಚೆಯೇ ಪೇಪರ್ ಕೊಟ್ಟು ಎದ್ದು ಮಾನ್ವಿ ಬಸ್ಸಿಗೆ ಹೋಗಿದ್ದ. ನಾನು ವರಾಂಡದಲ್ಲಿ ಬರುತ್ತಿದ್ದೆ. ದೇಸಾಯಿ ಸರ್ ಎದುರಿಗೆ ಬಂದರು. ಮುಂದಿನ ಬೆಂಚಿನಲ್ಲಿ ಕುಳಿತು ತಿಂಗಳುಗಟ್ಟಲೆ ಆಗಿದ್ದರೂ ಅವರ ನಾಲಗೆಯಿಂದ ಹಳೆಯ ರೂಢಿ ಹೋಗಿರಲಿಲ್ಲ. ಆಗಾಗ ತಪ್ಪುತ್ತಿದ್ದರು, ನಾನು ತಿದ್ದುತ್ತಿದ್ದೆ.

"ಏನಪಾ ಖಾಜಾ," ಎಂದರು, "ಪೇಪರ್ ಹೆಂಗಾತು?"

ವರಾಂಡದ ಆ ತುದಿಯಲ್ಲಿ ಹುಡುಗರ ಗುಂಪೊಂದು ನಿಂತಿತ್ತು.

"ಭಾಳ ಚಲೋ ಆಗ್ಯದ್ರಿ ಸರ್!" ಎಂದೆ, ಗಟ್ಟಿ ದನಿಯಲ್ಲಿ.

ಗುಂಪು ಮಾತು ನಿಲ್ಲಿಸಿ ನನ್ನತ್ತ ತಿರುಗಿತು. ಸರ್ ತಲೆಯಾಡಿಸಿ ಮುಂದೆ ಹೋದರು. ಅವರನ್ನು ನಿಲ್ಲಿಸಿ ನನ್ನ ಹೆಸರು ಹೇಳಲು ನನಗೆ ದನಿಯೂ ಇತ್ತು, ಹೊತ್ತೂ ಇತ್ತು. ಹೇಳಲಿಲ್ಲ.